ಕೊಳ್ಳುವುದೋ, ಮಾಡುವುದೋ?

ತಾಲ್ಲೂಕು ಖಜಾನೆಯ ಮುಂದೆ ಪಹರೆ ನಿಂತ ಪೊಲೀಸಿನವನ ಹೆಗಲ ಮೇಲಿನ ಕೋವಿಯನ್ನು ಬಾಲ್ಯದಲ್ಲಿ ಕಣ್ಣರಳಿಸಿ ನೋಡದವರು ನಮ್ಮಲ್ಲಿ ವಿರಳ. ಉದ್ದನೆಯ ಮರದ ಮೈ, ಮೊಂಡು ಮೂತಿ, ಬಲಪಕ್ಕದಲ್ಲಿ ಕೆಳಕ್ಕೆ ಬಾಗಿದ ಒಂದು ಉಕ್ಕಿನ ಹಿಡಿ, ಆ ಹಿಡಿಯ ತುದಿಗೊಂದು ಗೋಲಿಯಂಥ ಗುಂಡು. ಅದರ ಶಾಸ್ತ್ರೋಕ್ತ ಹೆಸರು ಲೀ-ಎನ್‌ಫೀಲ್ಡ್. ಆದರೆ ಊರಿನ ಹುಡುಗರಿಗೆಲ್ಲ ಅದು ‘ತ್ರೀನಾಟ್ ತ್ರೀ’. ಅದಕ್ಕೂ ಮಿಗಿಲಾದ ಕೋವಿ ಈ ಭೂಮಂಡಲದ ಮೇಲೆ ಇರಲಾರದೆಂದೇ ನಾವೆಲ್ಲ ನಂಬಿದ್ದೆವು.

ನಮ್ಮ ಬೀದಿಯ ಕಡೆಯ ಮನೆಯಲ್ಲಿ ನಿವೃತ್ತ ಸುಬೇದಾರರೊಬ್ಬರಿದ್ದಾರೆ. 1963ರಲ್ಲಿ, ಚೀನದ ದಾಳಿಯ ಮರುವರ್ಷ, ಹದಿನೆಂಟರ ಪ್ರಾಯದಲ್ಲಿ ಪದಾತಿದಳಕ್ಕೆ ಸೇರಿದವರು. ಈಗ ಎಂಬತ್ತು ದಾಟಿದೆ. ತ್ರೀನಾಟ್ ತ್ರೀಯಿಂದಲೇ ಅವರ ಕೈ ಪಳಗಿದ್ದು. ಕೆಲವು ಕಾಲದ ತರುವಾಯ ಅವರ ಪಲ್ಟನ್ನಿಗೆ ಹೊಸ ರೈಫಲು ಬಂದ ದಿನದ ಕಥೆಯನ್ನು ಅವರ ಬಾಯಿಂದಲೇ ಕೇಳಬೇಕು.

“ಸ್ವಾಮಿ, ಗುರಿ ಹಿಡಿದೆ, ಕುದುರೆ ಎಳೆದೆ, ಗುಂಡು ಹೋಯಿತು. ಮರುಕ್ಷಣವೇ ನನ್ನ ಬಲಗೈ ತಾನಾಗಿಯೇ ಮೇಲೆದ್ದು ಬೋಲ್ಟಿನ ಹಿಡಿಯನ್ನು ಹುಡುಕಿತು. ಅಲ್ಲಿ ಹಿಡಿಯೇ ಇಲ್ಲ! ಬರಿಯ ಗಾಳಿಯನ್ನು ಹಿಡಿದೆ. ಪಕ್ಕದಲ್ಲಿದ್ದ ಉಸ್ತಾದರು ಹೊಟ್ಟೆ ಹಿಡಿದುಕೊಂಡು ನಕ್ಕರು. ‘ಅರೇ ಬೇಟಾ, ಅದು ತನ್ನ ಕೆಲಸವನ್ನು ತಾನೇ ಮಾಡಿಕೊಳ್ಳುತ್ತದೆ, ನೀನು ಗುರಿ ನೋಡು ಸಾಕು’ ಎಂದರು.”

ಆ ಹೊಸ ರೈಫಲಿನ ಹೆಸರು ಸೆಲ್ಫ್ ಲೋಡಿಂಗ್ ರೈಫಲ್. ಸೈನಿಕರ ಬಾಯಲ್ಲಿ ಎಸ್.ಎಲ್.ಆರ್. ಸ್ವತಂತ್ರ ಭಾರತದ ಪದಾತಿದಳಕ್ಕೆ ಅದು ಮೊದಲನೆಯ ಅರೆ-ಸ್ವಯಂಚಾಲಿತ ರೈಫಲು. ಅದು ಸುಬೇದಾರರ ಕೈ ಸೇರುವ ಮೊದಲು ದೆಹಲಿಯ ಕಡತಗಳಲ್ಲಿ ಒಂದು ಪ್ರಶ್ನೆ ವರ್ಷಗಟ್ಟಲೆ ಅಲೆದಾಡಿತ್ತು. ಈ ಕೋವಿಯನ್ನು ಪರದೇಶದಿಂದ ಕೊಳ್ಳುವುದೋ, ನಾವೇ ಮಾಡುವುದೋ? ಒಬ್ಬ ಗೃಹಸ್ಥನು ಮನೆಗೆ ಬೇಕಾದ ಮಂಚವನ್ನು ಅಂಗಡಿಯಿಂದ ತರಲೋ, ಬಡಗಿಯನ್ನು ಕರೆಸಿ ಮಾಡಿಸಲೋ ಎಂದು ಯೋಚಿಸುವಷ್ಟೇ ಸರಳವಾದ ಪ್ರಶ್ನೆ ಇದೆಂದು ಮೇಲುನೋಟಕ್ಕೆ ಕಾಣಬಹುದು. ಆದರೆ ಮಂಚ ತಡವಾಗಿ ಬಂದರೆ ನಾಲ್ಕು ದಿನ ಚಾಪೆಯ ಮೇಲೆ ಮಲಗಬಹುದು. ಕೋವಿಯ ಮಾತು ಹಾಗಲ್ಲ.

ನಾಲ್ಕು ಚಲನೆಗಳ ಲೆಕ್ಕ

ಹಳೆಯ ರೈಫಲಿಗೂ ಹೊಸದಕ್ಕೂ ಇರುವ ಭೇದವೇನೆಂಬುದನ್ನು ಮೊದಲು ತಿಳಿಯಬೇಕು.

ತ್ರೀನಾಟ್ ತ್ರೀಯಲ್ಲಿ ಒಂದು ಗುಂಡು ಹೊಡೆದ ಮೇಲೆ ಸೈನಿಕನು ಬೋಲ್ಟಿನ ಹಿಡಿಯನ್ನು ಮೇಲೆತ್ತಬೇಕು, ಹಿಂದಕ್ಕೆ ಎಳೆಯಬೇಕು, ಮುಂದಕ್ಕೆ ನೂಕಬೇಕು, ಮತ್ತೆ ಕೆಳಕ್ಕೆ ಮಡಿಸಬೇಕು. ಎಳೆದಾಗ ಖಾಲಿ ತೋಟೆ ಹೊರಕ್ಕೆ ಚಿಮ್ಮುತ್ತದೆ. ನೂಕಿದಾಗ ಹೊಸ ತೋಟೆ ನಳಿಗೆಯೊಳಕ್ಕೆ ಸೇರುತ್ತದೆ. ನಾಲ್ಕು ಚಲನೆ, ಒಂದು ಗುಂಡು. ಮ್ಯಾಗಜೀನಿನಲ್ಲಿ ಹತ್ತು ತೋಟೆ. 1914ರ ಬ್ರಿಟಿಷ್ ಸೈನಿಕರು ಇದೇ ರೈಫಲಿನಿಂದ ಒಂದು ನಿಮಿಷಕ್ಕೆ ಹದಿನೈದು ಗುಂಡುಗಳನ್ನು ಗುರಿತಪ್ಪದೆ ಹೊಡೆಯುವಷ್ಟು ಸಾಧನೆ ಮಾಡಿದ್ದರು. ಅವರ ಎದುರಿನಲ್ಲಿದ್ದ ಜರ್ಮನರು ಅದನ್ನು ಮಷಿನ್ ಗನ್ನಿನ ಸದ್ದೆಂದು ಭ್ರಮಿಸಿದರೆಂಬ ಕಥೆಯೂ ಉಂಟು. ಆದರೆ ಅದು ವರ್ಷಗಟ್ಟಲೆ ಅಭ್ಯಾಸ ಮಾಡಿದ ಕೈಗಳ ಮಾತು. ಅಲ್ಲದೆ ಬೋಲ್ಟನ್ನು ಎಳೆದಾಗಲೆಲ್ಲ ಕಣ್ಣು ಗುರಿಯಿಂದ ಅಷ್ಟಿಷ್ಟಾದರೂ ಸರಿಯದೆ ಇರದು.

ಎಸ್.ಎಲ್.ಆರ್.ನಲ್ಲಿ ಈ ನಾಲ್ಕೂ ಚಲನೆಗಳನ್ನು ಸಿಡಿದ ಮದ್ದಿನ ಹೊಗೆಯೇ ಮಾಡಿಕೊಡುತ್ತದೆ. ಗುಂಡು ನಳಿಗೆಯಲ್ಲಿ ಓಡುತ್ತಿರುವಾಗ ಅದನ್ನು ನೂಕುತ್ತಿರುವ ಅನಿಲದ ಒಂದಿಷ್ಟು ಪಾಲು ನಳಿಗೆಯ ಮೇಲಿನ ಸಣ್ಣ ರಂಧ್ರದಿಂದ ಹೊರಬಂದು ಒಂದು ಪಿಸ್ಟನ್ನನ್ನು ಹಿಂದಕ್ಕೆ ತಳ್ಳುತ್ತದೆ. ಆ ಪೆಟ್ಟಿಗೆ ಬೋಲ್ಟು ಬೀಗ ಕಳಚಿಕೊಂಡು ಹಿಂದೆ ಸರಿದು ಖಾಲಿ ತೋಟೆಯನ್ನು ಹೊರಗೆಸೆಯುತ್ತದೆ; ಸ್ಪ್ರಿಂಗು ಅದನ್ನು ಮುಂದಕ್ಕೆ ತಂದು ಹೊಸ ತೋಟೆಯನ್ನು ಒಳಗಿಡುತ್ತದೆ. ಸೈನಿಕನು ಕುದುರೆಯನ್ನು ಒಮ್ಮೆ ಎಳೆದರೆ ಒಂದೇ ಗುಂಡು, ಮತ್ತೆ ಎಳೆದರೆ ಮತ್ತೊಂದು. ಅರೆ-ಸ್ವಯಂಚಾಲಿತವೆಂದು ಕರೆಯುವುದು ಇದರಿಂದಲೇ. ಮ್ಯಾಗಜೀನಿನಲ್ಲಿ ಇಪ್ಪತ್ತು ತೋಟೆ. ಹಾದಿಯ ಧೂಳು, ಮದ್ದಿನ ಮಸಿ ಸೇರಿ ಯಂತ್ರ ಬಿಗಿದುಕೊಂಡರೆ ಅನಿಲದ ಪಾಲನ್ನು ಹೆಚ್ಚಿಸಲು ಒಂದು ತಿರುಗುಣಿಯೂ ಉಂಟು. ಕೈ ಬಿಡುವಾಯಿತು, ಕಣ್ಣು ಗುರಿಯಲ್ಲೇ ನಿಂತಿತು. ಇಷ್ಟೇ ಸುಧಾರಣೆ, ಆದರೆ ಇದು ಸಾಮಾನ್ಯ ಸುಧಾರಣೆಯಲ್ಲ.

ಎಲ್ಲರಿಗೂ ಬಂದ ಪ್ರಶ್ನೆ

ಕೊಳ್ಳುವುದೋ ಮಾಡುವುದೋ ಎಂಬ ಈ ಚಿಂತೆ ನಮ್ಮೊಬ್ಬರದೇ ಅಲ್ಲ. ಕನ್ನಡ ನಾಡಿಗೂ ಅದು ಹಳೆಯ ಪರಿಚಯ. 1788ರಲ್ಲಿ ಟಿಪ್ಪು ಸುಲ್ತಾನನ ರಾಯಭಾರಿಗಳು ಫ್ರಾನ್ಸಿನ ದೊರೆ ಹದಿನಾರನೆಯ ಲೂಯಿಯ ಆಸ್ಥಾನಕ್ಕೆ ಹೋದಾಗ ಸೈನ್ಯದ ಸಹಾಯವನ್ನು ಮಾತ್ರ ಬೇಡಲಿಲ್ಲ, ಕುಶಲಕರ್ಮಿಗಳನ್ನೂ ಕೇಳಿದರು. ಸೈನ್ಯ ಬರಲಿಲ್ಲ, ಕೆಲವು ಕುಶಲಕರ್ಮಿಗಳು ಬಂದರು. ಶ್ರೀರಂಗಪಟ್ಟಣದಲ್ಲಿ ತಯಾರಾದ, ಹುಲಿಪಟ್ಟೆಯ ಗುರುತುಳ್ಳ ಕೋವಿಗಳು ಇಂದಿಗೂ ವಿದೇಶದ ಸಂಗ್ರಹಾಲಯಗಳಲ್ಲಿವೆ. ಕೋವಿಯನ್ನು ತರುವುದಕ್ಕಿಂತ ಕೋವಿ ಮಾಡಬಲ್ಲವನನ್ನು ತರುವುದು ಮೇಲೆಂಬ ಬುದ್ಧಿ ಆ ದೊರೆಗೆ ಹೊಳೆದಿತ್ತು.

ಇಪ್ಪತ್ತನೆಯ ಶತಮಾನಕ್ಕೆ ಬಂದರೆ, ಅಮೆರಿಕೆಯು ತನ್ನದನ್ನು ತಾನೇ ಮಾಡಿಕೊಂಡಿತು. ಸ್ಪ್ರಿಂಗ್‌ಫೀಲ್ಡ್ ಶಸ್ತ್ರಾಗಾರದಲ್ಲಿ ಜಾನ್ ಗ್ಯಾರಂಡ್ ಎಂಬ ಯಂತ್ರಶಿಲ್ಪಿ ರೂಪಿಸಿದ ರೈಫಲನ್ನು 1936ರಲ್ಲಿ ಅಂಗೀಕರಿಸಿ, ಎರಡನೆಯ ಮಹಾಯುದ್ಧದಲ್ಲಿ ತನ್ನ ಪದಾತಿದಳಕ್ಕೆಲ್ಲ ಅರೆ-ಸ್ವಯಂಚಾಲಿತ ರೈಫಲು ಕೊಟ್ಟ ದೇಶವೆಂಬ ಹೆಸರು ಪಡೆಯಿತು. ಆದರೆ ಸ್ವಂತವಾಗಿ ಮಾಡುವ ಹಟ ಯಾವಾಗಲೂ ಫಲಿಸುವುದಿಲ್ಲವೆಂಬುದಕ್ಕೂ ಅಮೆರಿಕೆಯೇ ನಿದರ್ಶನ. 1957ರಲ್ಲಿ ಬೆಲ್ಜಿಯಂ ರೈಫಲನ್ನು ಪಕ್ಕಕ್ಕಿಟ್ಟು ತನ್ನದೇ ಆದ ಎಂ-14 ಅನ್ನು ಆರಿಸಿದಾಗ, ಗ್ಯಾರಂಡ್ ಮಾಡಿದ ಹಳೆಯ ಯಂತ್ರಗಳಲ್ಲೇ ಇದನ್ನೂ ಮಾಡಬಹುದೆಂಬ ವಾದವನ್ನು ಮುಂದಿಟ್ಟಿದ್ದರು. ಅದು ಹುಸಿಯಾಯಿತು. ತಯಾರಿಕೆ ಕುಂಟಿತು, ಕೆಲವೇ ವರ್ಷಗಳಲ್ಲಿ ಅದನ್ನು ನಿಲ್ಲಿಸಲಾಯಿತು.

ಬ್ರಿಟನ್ನಿನದು ಇನ್ನೊಂದು ಕಥೆ. ಮ್ಯಾಗಜೀನು ಕುದುರೆಯ ಹಿಂಬದಿಗೆ ಇರುವ ಇ.ಎಂ.-2 ಎಂಬ ಸ್ವದೇಶೀ ರೈಫಲನ್ನು 1951ರಲ್ಲಿ ಆರಿಸಿಯೂ ಆಗಿತ್ತು. ಅದೇ ವರ್ಷ ಮರಳಿ ಅಧಿಕಾರಕ್ಕೆ ಬಂದ ಚರ್ಚಿಲ್ ಸರ್ಕಾರ ಅದನ್ನು ಕೈಬಿಟ್ಟಿತು. ನ್ಯಾಟೊ ಮಿತ್ರರೆಲ್ಲರಿಗೂ ಒಂದೇ ಅಳತೆಯ ತೋಟೆ ಇರಬೇಕೆಂಬ ಒತ್ತಾಯದಿಂದ 7.62 ಮಿಲಿಮೀಟರಿನ ತೋಟೆ ಬಳಕೆಗೆ ಬಂತು. ಅದಕ್ಕೆ ಹೊಂದುವ ಬೆಲ್ಜಿಯಂ ರೈಫಲನ್ನು ಬ್ರಿಟನ್ನು ಒಪ್ಪಿಕೊಂಡಿತು. ಒಪ್ಪಿದರೂ ಸಿದ್ಧ ಸರಕನ್ನು ಹಡಗಿನಲ್ಲಿ ತರಿಸಲಿಲ್ಲ. ಬೆಲ್ಜಿಯಂನ ಮೆಟ್ರಿಕ್ ನಕ್ಷೆಗಳನ್ನು ಅಂಗುಲದ ಅಳತೆಗೆ ತಿರುಗಿಸಿ ಬರೆದು, ತನ್ನ ಕಾರ್ಖಾನೆಗಳಲ್ಲೇ ಮಾಡಿತು. ಕೆನಡ, ಆಸ್ಟ್ರೇಲಿಯಗಳೂ ಹಾಗೆಯೇ ಮಾಡಿದವು.

ಈ ಬೆಲ್ಜಿಯಂ ರೈಫಲೇ ಎಫ್.ಎನ್. ಫಾಲ್. ಲಿಯೇಜ್ ನಗರದ ಬಳಿಯ ಹೆರ್ಸ್ಟಾಲಿನ ಎಫ್.ಎನ್. ಕಾರ್ಖಾನೆಯಲ್ಲಿ ಅದನ್ನು ರೂಪಿಸಿದ ಮುಖ್ಯಶಿಲ್ಪಿ ಡಿಯುದೊನೆ ಸೈವ್. ಜಗತ್ಪ್ರಸಿದ್ಧ ಅಮೆರಿಕನ್ ಶಸ್ತ್ರಶಿಲ್ಪಿ ಜಾನ್ ಬ್ರೌನಿಂಗನ ಜೊತೆ ಕೆಲಸ ಮಾಡಿ, 1926ರಲ್ಲಿ ಆತ ತೀರಿಕೊಂಡ ಮೇಲೆ ಆತನ ಕೆಲಸವನ್ನು ಮುಂದುವರಿಸಿದವನು. ನಾಜಿಗಳು ಬೆಲ್ಜಿಯಂ ಅನ್ನು ಆಕ್ರಮಿಸಿದಾಗ ಸೈವ್ ಇಂಗ್ಲೆಂಡಿಗೆ ತಪ್ಪಿಸಿಕೊಂಡು ಬಂದು ಅಲ್ಲಿಯೇ ಅರೆ-ಸ್ವಯಂಚಾಲಿತ ರೈಫಲುಗಳ ಕೆಲಸ ನಡೆಸಿದ. ತೊಂಬತ್ತಕ್ಕೂ ಮೇಲ್ಪಟ್ಟ ದೇಶಗಳು ಫಾಲ್ ರೈಫಲನ್ನು ಬಳಸಿವೆ. 1982ರ ಫಾಕ್‌ಲ್ಯಾಂಡ್ ಯುದ್ಧದಲ್ಲಿ ಬ್ರಿಟಿಷರ ಕೈಯಲ್ಲೂ ಅದೇ, ಅರ್ಜೆಂಟೀನದವರ ಕೈಯಲ್ಲೂ ಅದೇ.

ಚೀನಕ್ಕೆ ಈ ತಾಪತ್ರಯವೇ ಬರಲಿಲ್ಲ. ಆಗ ಅದರ ಆಪ್ತಮಿತ್ರನಾಗಿದ್ದ ರಷ್ಯ, ಸಿಮೊನೊವ್ ರೂಪಿಸಿದ ಅರೆ-ಸ್ವಯಂಚಾಲಿತ ರೈಫಲಿನ ವಿದ್ಯೆಯನ್ನು ಧಾರೆಯೆರೆದು ಕೊಟ್ಟಿತು. 1956ರಿಂದ ಚೀನ ಅದನ್ನು ತನ್ನ ನೆಲದಲ್ಲೇ ತಯಾರಿಸತೊಡಗಿತು. ಆ 1956 ಎಂಬ ವರ್ಷವನ್ನು ಓದುಗರು ಸ್ವಲ್ಪ ನೆನಪಿನಲ್ಲಿಟ್ಟುಕೊಳ್ಳಬೇಕು.

ಜೆಟ್ ವಿಮಾನವಿದೆ, ರೈಫಲಿಲ್ಲ

ನಮ್ಮಲ್ಲಿ ರೈಫಲು ಮಾಡುವ ಕಾರ್ಖಾನೆ ಇರಲಿಲ್ಲವೆಂದಲ್ಲ. ಬಂಗಾಳದಲ್ಲಿ ಹೂಗ್ಲಿ ನದಿಯ ದಡದ ಇಶಾಪುರದಲ್ಲಿ ಈಸ್ಟ್ ಇಂಡಿಯಾ ಕಂಪನಿಯವರು ಹದಿನೆಂಟನೆಯ ಶತಮಾನದ ಕೊನೆಯಲ್ಲಿ ಮದ್ದಿನ ಕಾರ್ಖಾನೆಯನ್ನು ಸ್ಥಾಪಿಸಿದ್ದರು. ಅದೇ ಸ್ಥಳದಲ್ಲಿ 1904ರಲ್ಲಿ ರೈಫಲು ಕಾರ್ಖಾನೆ ಆರಂಭವಾಯಿತು. ನಮ್ಮೂರ ಖಜಾನೆಯ ಪಹರೆಯವನ ತ್ರೀನಾಟ್ ತ್ರೀ ಬಹುಮಟ್ಟಿಗೆ ಅಲ್ಲಿಯದೇ. ಕಾರ್ಖಾನೆಯಿತ್ತು, ಕಸುಬು ಬಲ್ಲವರಿದ್ದರು; ಅವರು ಮಾಡುತ್ತಿದ್ದುದು ಮಾತ್ರ ಮೊದಲನೆಯ ಮಹಾಯುದ್ಧಕ್ಕೂ ಹಿಂದಿನ ಕೋವಿ.

ಈ ಹಂತದಲ್ಲಿ ಕೊಡಗಿನ ಒಬ್ಬ ವೀರನ ಹೆಸರು ಬರುತ್ತದೆ. ಮಡಿಕೇರಿಯವರಾದ ಜನರಲ್ ಕೆ. ಎಸ್. ತಿಮ್ಮಯ್ಯನವರು 1957ರಿಂದ 1961ರವರೆಗೆ ಭೂಸೈನ್ಯದ ಮುಖ್ಯಸ್ಥರಾಗಿದ್ದರು. ಬೆಲ್ಜಿಯಂನ ಎಫ್.ಎನ್. ರೈಫಲನ್ನು ಭಾರತದಲ್ಲೇ ತಯಾರಿಸಲು ಆರಂಭಿಸಬೇಕೆಂದು ತಾವು ರಕ್ಷಣಾ ಸಚಿವ ವಿ. ಕೆ. ಕೃಷ್ಣ ಮೆನನ್ನರಿಗೆ ಸಲಹೆ ಮಾಡಿದ್ದುದಾಗಿಯೂ, ನ್ಯಾಟೊ ಆಯುಧಗಳು ಈ ದೇಶಕ್ಕೆ ಬೇಡವೆಂದು ಸಚಿವರು ಅದನ್ನು ತಳ್ಳಿಹಾಕಿದುದಾಗಿಯೂ ತಿಮ್ಮಯ್ಯನವರೇ ಅನಂತರ ಹೇಳಿದ್ದು ಅಚ್ಚಾಗಿದೆ. ಅವರ ಸಲಹೆ ಕೊಳ್ಳುವುದಲ್ಲ, ಮಾಡುವುದು ಎಂಬುದನ್ನು ಗಮನಿಸಬೇಕು.

ಮೆನನ್ನರನ್ನು ಬರಿದೇ ನಿಂದಿಸಿ ಮುಂದೆ ಹೋಗುವುದು ನ್ಯಾಯವಲ್ಲ. ಅವರದೂ ಒಂದು ತರ್ಕವಿತ್ತು. ಎರಡನೆಯ ಪಂಚವಾರ್ಷಿಕ ಯೋಜನೆಯ ಆ ದಿನಗಳಲ್ಲಿ ವಿದೇಶೀ ವಿನಿಮಯಕ್ಕೆ ತೀವ್ರ ಅಭಾವ. ಉಕ್ಕಿನ ಕಾರ್ಖಾನೆಗೆ ಯಂತ್ರ ತರಿಸಲೋ, ಹಸಿದವರಿಗೆ ಗೋಧಿ ತರಿಸಲೋ ಎಂಬ ಪೇಚಾಟ. ಇಂದು ಒಂದು ಬಣದ ರೈಫಲು ತಂದರೆ ನಾಳೆ ಅದರ ತೋಟೆ, ನಾಡಿದ್ದು ಬಿಡಿಭಾಗ, ಆಚೆ ನಾಡಿದ್ದು ಅವರ ಮಾತು. ಯಾವ ಬಣಕ್ಕೂ ಸೇರದ ದೇಶಕ್ಕೆ ಈ ಹೆದರಿಕೆ ಹುಸಿಯೆನ್ನಲಾಗದು. ದೇಶದಲ್ಲೇ ಆಯುಧ ತಯಾರಾಗಬೇಕೆಂಬ ಆಗ್ರಹ ಮೆನನ್ನರಿಗೂ ಇತ್ತು. ಅವರ ಕಾಲದಲ್ಲಿಯೇ 1959ರಿಂದ ಜಬ್ಬಲ್‌ಪುರದಲ್ಲಿ ಜರ್ಮನಿಯ ಪರವಾನಗಿಯಿಂದ ಶಕ್ತಿಮಾನ್ ಲಾರಿಗಳು ಹೊರಬಂದವು.

ಆದರೆ ಒಂದು ಸಂಗತಿ ನನ್ನ ಮನಸ್ಸನ್ನು ಬಿಡದೆ ಕೊರೆಯುತ್ತದೆ. 1961ರ ಜೂನ್ 17ರಂದು ನಮ್ಮ ಬೆಂಗಳೂರಿನ ಆಕಾಶದಲ್ಲಿ ಎಚ್.ಎಫ್.-24 ‘ಮಾರುತ್’ ಎಂಬ ಜೆಟ್ ಯುದ್ಧವಿಮಾನ ಮೊದಲ ಬಾರಿಗೆ ಹಾರಿತು. ಜರ್ಮನ್ ಶಿಲ್ಪಿ ಕುರ್ಟ್ ಟ್ಯಾಂಕ್ ಮತ್ತು ಅವನ ಸಂಗಡಿಗರು ಹಿಂದುಸ್ತಾನ್ ವಿಮಾನ ಕಾರ್ಖಾನೆಯ ನಮ್ಮವರೊಡನೆ ಸೇರಿ ಕಟ್ಟಿದ ವಿಮಾನ ಅದು. ಹೆಮ್ಮೆ ಪಡಬೇಕಾದ ದಿನವೇ ಸರಿ. ಅದೇ ದಿನ ಹಿಮಾಲಯದ ಕಾವಲುಠಾಣೆಗಳಲ್ಲಿ ನಿಂತ ನಮ್ಮ ಜವಾನನ ಕೈಯಲ್ಲಿದ್ದುದು ಅವನ ತಾತನ ಕಾಲದ ನಾಲ್ಕು ಚಲನೆಯ ಕೋವಿ. ಜೆಟ್ ವಿಮಾನದ ಕನಸು ಕಾಣಬಲ್ಲ ದೇಶಕ್ಕೆ ಒಂದು ರೈಫಲಿನ ವಿಷಯದಲ್ಲಿ ನಿರ್ಧಾರ ಬಾರದೆ ಹೋದುದೇಕೆ? ರೈಫಲಿಗೆ ಉದ್ಘಾಟನೆಯ ವೈಭವವಿಲ್ಲವೆಂದೇ?

ನಮ್ಕಾ ಚೂ, ರೆಜಾಂಗ್ ಲಾ

1962ರ ಅಕ್ಟೋಬರ್ 20ರ ಬೆಳಗಿನ ಜಾವ ನಮ್ಕಾ ಚೂ ಎಂಬ ಹಳ್ಳದ ದಂಡೆಯಲ್ಲಿ ನಮ್ಮ 7ನೆಯ ಬ್ರಿಗೇಡಿನ ಮೇಲೆ ಚೀನೀ ಪಡೆಗಳು ಎರಗಿದವು. ಆ ಬ್ರಿಗೇಡಿನ ನಾಯಕ ಜಾನ್ ದಳವಿಯವರು ಎರಡು ದಿನಗಳ ಬಳಿಕ ಸೆರೆಸಿಕ್ಕಿ, ಬಿಡುಗಡೆಯಾಗಿ ಬಂದ ಮೇಲೆ ಬರೆದ ‘ಹಿಮಾಲಯನ್ ಬ್ಲಂಡರ್’ ಪುಸ್ತಕವು ರವಿ ಬೆಳಗೆರೆಯವರ ಅನುವಾದದಿಂದ ಕನ್ನಡಿಗರಿಗೆ ಸುಪರಿಚಿತವಾಗಿದೆ. ಜವಾನರ ಮೈಮೇಲೆ ಚಳಿಗೆ ತಕ್ಕ ಬಟ್ಟೆಯಿರಲಿಲ್ಲ, ಚೀಲದಲ್ಲಿ ಸಾಕಷ್ಟು ಮದ್ದುಗುಂಡಿರಲಿಲ್ಲ. ಎದುರಾಳಿಯ ಬಳಿ ಅರೆ-ಸ್ವಯಂಚಾಲಿತ ರೈಫಲುಗಳೂ ಸಬ್‌ಮಷಿನ್ ಗನ್ನುಗಳೂ ಇದ್ದವು.

ರೆಜಾಂಗ್ ಲಾ ಎಂಬುದು ಲಡಾಖಿನ ಚುಶೂಲ್ ಬಳಿ, ಹದಿನಾರು ಸಾವಿರ ಅಡಿಗೂ ಎತ್ತರದ ಕಣಿವೆದಾರಿ. ನವೆಂಬರ್ 18ರಂದು ಅಲ್ಲಿ 13ನೆಯ ಕುಮಾಂವ್ ದಳದ ಒಂದು ಕಂಪನಿ, ಮೇಜರ್ ಶೈತಾನ್ ಸಿಂಗರ ನಾಯಕತ್ವದಲ್ಲಿ ಹೋರಾಡಿತು. ಸುಮಾರು ನೂರಿಪ್ಪತ್ತು ಮಂದಿ. ಅವರಲ್ಲಿ ನೂರಕ್ಕೂ ಹೆಚ್ಚು ಮಂದಿ ಅಲ್ಲಿಯೇ ಮಡಿದರು. ಅವರ ಕೈಯಲ್ಲಿದ್ದುದು ತ್ರೀನಾಟ್ ತ್ರೀ. ಆ ಚಳಿಯಲ್ಲಿ, ಮರಗಟ್ಟಿದ ಬೆರಳುಗಳಿಂದ, ಅಲೆಯ ಮೇಲೆ ಅಲೆಯಾಗಿ ಬರುವ ಶತ್ರುವಿನೆದುರು ಪ್ರತಿಯೊಂದು ಗುಂಡಿಗೂ ಬೋಲ್ಟನ್ನು ಎತ್ತಿ, ಎಳೆದು, ನೂಕಿ, ಮಡಿಸುವುದೆಂದರೇನೆಂಬುದನ್ನು ಬೆಚ್ಚಗೆ ಕುಳಿತು ಓದುವ ನಾವು ಊಹಿಸಲಾರೆವು. 1963ರ ಆರಂಭದಲ್ಲಿ ಮೃತದೇಹಗಳು ಸಿಕ್ಕಾಗ ಹಲವರು ಕಂದಕಗಳಲ್ಲಿ ಆಯುಧ ಹಿಡಿದಂತೆಯೇ ಹೆಪ್ಪುಗಟ್ಟಿದ್ದರು. ಮೇಜರ್ ಶೈತಾನ್ ಸಿಂಗರಿಗೆ ಮರಣೋತ್ತರವಾಗಿ ಪರಮವೀರ ಚಕ್ರ ದೊರೆಯಿತು.

ರೈಫಲೊಂದು ಹೊಸದಾಗಿದ್ದರೆ ಆ ಯುದ್ಧದ ಗತಿಯೇ ಬದಲಾಗುತ್ತಿತ್ತೆಂದು ನಾನು ವಾದಿಸುವುದಿಲ್ಲ. ರಸ್ತೆಯಿಲ್ಲದ ಬೆಟ್ಟ, ಒಗ್ಗದ ಎತ್ತರ, ದೂರದಿಂದ ಬಂದ ವಿವೇಚನೆಯಿಲ್ಲದ ಆಜ್ಞೆಗಳು, ಇವೆಲ್ಲವೂ ಆ ಸೋಲಿನಲ್ಲಿ ಪಾಲುದಾರರು. ಆದರೆ 1956ರಿಂದ 1962ರವರೆಗಿನ ಆರು ವರ್ಷಗಳಲ್ಲಿ ಅವರು ತಯಾರಿಸುತ್ತಿದ್ದರು, ನಾವು ಚರ್ಚಿಸುತ್ತಿದ್ದೆವು. ಆ ಆರು ವರ್ಷಗಳಲ್ಲಿ ಕೊಂಡಿದ್ದರೂ ಆಗುತ್ತಿತ್ತು, ಮಾಡಿದ್ದರೂ ಆಗುತ್ತಿತ್ತು.

ಬಿಚ್ಚಿ, ಅಳೆದು, ಮಾಡಿದ್ದು

ನವೆಂಬರ್ ತಿಂಗಳಲ್ಲಿ ಮೆನನ್ನರು ರಾಜೀನಾಮೆ ಕೊಟ್ಟರು. ಯಶವಂತರಾವ್ ಚವಾಣರು ರಕ್ಷಣಾ ಸಚಿವರಾದರು. ಬ್ರಿಟನ್ ಅಮೆರಿಕಗಳಿಂದ ವಿಮಾನಗಳಲ್ಲಿ ಆಯುಧಗಳು ಬಂದಿಳಿದವು. ಎರವಲು ಕೋವಿಯ ಮೇಲೆ ಎಷ್ಟು ದಿನ ಬಾಳುವುದು? ಪ್ರಶ್ನೆಗೆ ಈಗ ಉತ್ತರ ಹೇಳಲೇಬೇಕಾಯಿತು.

ಪರವಾನಗಿ ಪಡೆದು ತಯಾರಿಸುವ ಮಾತುಕತೆ ಎಫ್.ಎನ್. ಕಂಪನಿಯೊಡನೆ ನಡೆದಿತ್ತು. ತಮ್ಮ ತಂತ್ರಜ್ಞರು ನಮ್ಮ ಕಾರ್ಖಾನೆಯಲ್ಲಿ ಇರಬೇಕೆಂಬ ಅವರ ಷರತ್ತು ನಮ್ಮವರಿಗೆ ಒಪ್ಪಿಗೆಯಾಗಲಿಲ್ಲವೆಂದು ಈ ರೈಫಲಿನ ಇತಿಹಾಸ ಬರೆದವರು ಹೇಳುತ್ತಾರೆ. ಕೊನೆಗೆ ನಮ್ಮವರು ಹಿಡಿದ ದಾರಿ ಕೊಳ್ಳುವುದೂ ಅಲ್ಲ, ಪರವಾನಗಿಯಿಂದ ಮಾಡುವುದೂ ಅಲ್ಲ. ಬ್ರಿಟನ್, ಬೆಲ್ಜಿಯಂ, ಆಸ್ಟ್ರೇಲಿಯಗಳ ರೈಫಲುಗಳನ್ನು ಎದುರಿಗಿಟ್ಟುಕೊಂಡು ಶಸ್ತ್ರಾಸ್ತ್ರ ಸಂಶೋಧನೆ ಮತ್ತು ಅಭಿವೃದ್ಧಿ ಸಂಸ್ಥೆಯವರು ತಿರುಪು ತಿರುಪನ್ನೂ ಬಿಚ್ಚಿ, ಅಳೆದು, ತಮ್ಮದೇ ನಕ್ಷೆ ಬರೆದರು. ಹಾಗೆ ಹುಟ್ಟಿದ್ದೇ 7.62 ಮಿಲಿಮೀಟರ್ ರೈಫಲ್ 1ಎ1. 1963ರಲ್ಲಿ ಸೈನ್ಯ ಅದನ್ನು ಅಂಗೀಕರಿಸಿತು. ಇಶಾಪುರದಲ್ಲಿ ತಯಾರಿಕೆ ಆರಂಭವಾಯಿತು.

ಸಂಗತಿ ಬೆಲ್ಜಿಯಂಗೆ ತಿಳಿದಾಗ ಎಫ್.ಎನ್. ಕಂಪನಿ ನ್ಯಾಯಾಲಯದ ಮೆಟ್ಟಿಲೇರುವ ಬೆದರಿಕೆ ಹಾಕಿತು. ಅವರ ಸಿಟ್ಟು ಅನ್ಯಾಯವೆಂದು ನಾನು ಹೇಳಲಾರೆ. ಒಬ್ಬನು ಬೆವರಿಳಿಸಿ ಕಟ್ಟಿದ ರಾಗವನ್ನು ಪಕ್ಕದ ಮನೆಯವನು ಕಿಟಕಿಯಲ್ಲಿ ಕೇಳಿ ಕಚೇರಿ ಮಾಡಿದಂತಾಯಿತು. ಬೆಲ್ಜಿಯಂನಲ್ಲಿ ತಯಾರಾದ ಫಾಲ್ ರೈಫಲುಗಳನ್ನೂ ಅದರ ಭಾರನಳಿಗೆಯ ರೂಪವನ್ನೂ ಇನ್ನಷ್ಟು ಕೊಳ್ಳುವುದಾಗಿ ಒಪ್ಪಿ ಭಾರತ ಆ ಜಗಳವನ್ನು ಮುಗಿಸಿತು. ಮಾಡುವುದೆಂದು ಹೊರಟವರು ಹೀಗೆ ಕೊಳ್ಳಲೂ ಬೇಕಾಯಿತು!

ಬಿಚ್ಚಿ ಅಳೆದು ಮಾಡುವುದು ಹೇಳಿದಷ್ಟು ಸುಲಭವಲ್ಲ. ಒಂದು ಕೋವಿಯನ್ನು ಒಬ್ಬ ಜಾಣ ಕಮ್ಮಾರನೂ ಮಾಡಿಯಾನು. ಒಂದು ಲಕ್ಷ ಕೋವಿಗಳನ್ನು, ಒಂದರ ಬೋಲ್ಟು ಇನ್ನೊಂದಕ್ಕೆ ಹೊಂದುವಂತೆ ಮಾಡುವುದು ಬೇರೆಯೇ ವಿದ್ಯೆ. ಅಳತೆಯ ಗೇಜುಗಳು ಬೇಕು, ಭಾಗಗಳನ್ನು ಹಿಡಿದುಕೊಳ್ಳುವ ಜಿಗ್ಗುಗಳು ಬೇಕು, ಉಕ್ಕಿನ ಗುಣವನ್ನೂ ಅದಕ್ಕೆ ಕೊಡುವ ಕಾವಿನ ಹದವನ್ನೂ ಅರಿತವರು ಬೇಕು. ಅಳೆದರೆ ಭಾಗದ ಆಕಾರ ತಿಳಿಯುತ್ತದೆ. ಎಷ್ಟು ಕೂದಲೆಳೆ ಹೆಚ್ಚುಕಡಿಮೆಯಾದರೆ ಕೆಡುಕಿಲ್ಲವೆಂಬುದು ಅಳತೆಯಿಂದ ತಿಳಿಯುವುದಿಲ್ಲ. ಆ ಗುಟ್ಟು ಇರುವುದು ಮೂಲನಕ್ಷೆಯಲ್ಲಿ, ಇಲ್ಲವೇ ಅದನ್ನು ಮಾಡಿ ಕೆಡಿಸಿ ಕಲಿತ ಕೈಯಲ್ಲಿ. ಉದಾಹರಣೆಗೆ, ಈ ರೈಫಲಿನ ಬೋಲ್ಟು ಗುಂಡು ಸಿಡಿಯುವ ಹೊತ್ತಿಗೆ ಹಿಂಬದಿಯಲ್ಲಿ ಒಂದು ಉಕ್ಕಿನ ತುಂಡಿಗೆ ಒರಗಿ ನಿಲ್ಲುತ್ತದೆ. ಆ ತುಂಡನ್ನು ಸೂಕ್ಷ್ಮ ಅಂತರದ ಬೇರೆ ಬೇರೆ ಅಳತೆಗಳಲ್ಲಿ ಮಾಡಿಟ್ಟು, ಪ್ರತಿಯೊಂದು ರೈಫಲಿಗೂ ತಕ್ಕುದನ್ನು ಆರಿಸಿ ಕೂರಿಸಬೇಕು. ತಪ್ಪಿದರೆ ತೋಟೆಯ ಹಿಂಬದಿ ಬಿರಿದೀತು, ಇಲ್ಲವೇ ಬೋಲ್ಟು ಮುಚ್ಚಲಾರದು.

ಅಂಗುಲ ಮಿಲಿಮೀಟರುಗಳ ಕಗ್ಗಂಟು ಬೇರೆ. ಬೆಲ್ಜಿಯಂ ನಕ್ಷೆ ಮೆಟ್ರಿಕ್; ಬ್ರಿಟಿಷ್, ಆಸ್ಟ್ರೇಲಿಯನ್ ನಕ್ಷೆಗಳು ಅಂಗುಲ. ನಮ್ಮ ದೇಶವಾದರೋ ಆಗಷ್ಟೇ ಸೇರು, ಮಣ, ಗಜಗಳನ್ನು ಬಿಟ್ಟು ಮೆಟ್ರಿಕ್ಕಿಗೆ ಕಾಲಿಡುತ್ತಿತ್ತು. 1957ರಲ್ಲಿ ಬಂದ ನಯಾಪೈಸೆಯ ಲೆಕ್ಕವೇ ನಮ್ಮ ಸಂತೆಯ ಮುದುಕಿಯರಿಗೆ ಇನ್ನೂ ಪೂರ್ತಿ ಹಿಡಿಸಿರಲಿಲ್ಲ. ಎರಡು ವಂಶದ ರೈಫಲುಗಳನ್ನೂ ನೋಡಿ ಮಾಡಿದ 1ಎ1 ಎರಡಕ್ಕೂ ನೆಂಟನಾಯಿತು, ಯಾವುದಕ್ಕೂ ಸ್ವಂತ ಮಗನಾಗಲಿಲ್ಲ. ಅದರ ಕೆಲವು ಭಾಗಗಳು ಅಣ್ಣತಮ್ಮಂದಿರ ಮೈಗೆ ಹೊಂದುವುದಿಲ್ಲ.

ಹೊಸ ರೈಫಲು ಎಲ್ಲರಿಗೂ ತಲುಪಲು ಕಾಲ ಬೇಕು. ಅಲ್ಲಿಯವರೆಗೆ? ಇಶಾಪುರದವರು ಇಲ್ಲಿ ಒಂದು ಗೃಹಿಣಿಯ ಜಾಣತನ ತೋರಿದರು. ಹಳೆಯ ತ್ರೀನಾಟ್ ತ್ರೀಯ ರೂಪವನ್ನೇ ಇಟ್ಟುಕೊಂಡು, ಹೆಚ್ಚು ಗಟ್ಟಿಯಾದ ಉಕ್ಕು ಬಳಸಿ, ಹೊಸ 7.62ರ ತೋಟೆಯನ್ನು ಹಾರಿಸುವ 2ಎ, 2ಎ1 ಎಂಬ ಬೋಲ್ಟು ರೈಫಲುಗಳನ್ನು ಹೊಸದಾಗಿ ಮಾಡಿದರು. ಕೋವಿ ಹಳೆಯ ಬಗೆಯದಾದರೂ ತೋಟೆ ಒಂದೇ ಆಯಿತು. ಕದನದ ಮಧ್ಯೆ ಒಂದು ದಳಕ್ಕೆ ಎರಡು ಬಗೆಯ ತೋಟೆ ಹೊರುವ ಗೋಜು ತಪ್ಪಿತು.

1965ರ ಯುದ್ಧದ ಹೊತ್ತಿಗೆ ಎಲ್ಲ ದಳಗಳಿಗೂ ಎಸ್.ಎಲ್.ಆರ್. ತಲುಪಿರಲಿಲ್ಲ. 1971ರ ವೇಳೆಗೆ ಅದು ಪದಾತಿದಳದ ಸಾಮಾನ್ಯ ಆಯುಧವಾಗಿತ್ತು. 1966ರಲ್ಲಿ ಸ್ಥಾಪಿತವಾದ ತಿರುಚಿರಾಪಳ್ಳಿಯ ಕಾರ್ಖಾನೆಯೂ ಮುಂದೆ ಅದನ್ನು ತಯಾರಿಸಿತು. ನೆರೆಯ ಪಾಕಿಸ್ತಾನವಾದರೋ ಜರ್ಮನಿಯ ಜಿ-3 ರೈಫಲಿನ ಪರವಾನಗಿ ಪಡೆದು ವಾಹ್ ಕಾರ್ಖಾನೆಯಲ್ಲಿ ತನ್ನದನ್ನು ಮಾಡಿಕೊಂಡಿತು.

“ಭಾರ, ಸ್ವಾಮಿ,” ಎನ್ನುತ್ತಾರೆ ನಮ್ಮ ಸುಬೇದಾರರು. ಖಾಲಿಯಿದ್ದಾಗಲೇ ನಾಲ್ಕು ಕಿಲೋ ದಾಟುವ ರೈಫಲದು. “ಉದ್ದ ಬೇರೆ, ಬಂಕರಿನಲ್ಲಿ ತಿರುಗಿಸುವುದೇ ಕಷ್ಟ. ಆದರೆ ಹೊಡೆದರೆ ಬಿದ್ದವನು ಏಳುತ್ತಿರಲಿಲ್ಲ. ಕೆಸರಿನಲ್ಲಿ ಬಿದ್ದರೂ ಒರೆಸಿ ಹೊಡೆಯಬಹುದಿತ್ತು.” ಈ ಮೆಚ್ಚುಗೆಯಲ್ಲಿ ಯೌವನದ ನೆನಪಿನ ಪಾಲೂ ಇರಬಹುದು, ಆದರೂ ಅದನ್ನು ಹೆಗಲ ಮೇಲೆ ಹೊತ್ತವರ ಮಾತಿಗೆ ನಾನು ಎದುರಾಡಲಾರೆ.

ಎಸ್.ಎಲ್.ಆರ್. ಬಳಿಕ ನಮ್ಮವರೇ ಪೂರ್ತಿಯಾಗಿ ರೂಪಿಸಿದ ಸಣ್ಣ ತೋಟೆಯ ಇನ್ಸಾಸ್ ರೈಫಲು 1990ರ ದಶಕದಲ್ಲಿ ಸೈನ್ಯಕ್ಕೆ ಬಂತು. 1999ರ ಕಾರ್ಗಿಲ್ ಚಳಿಯಲ್ಲಿ ಅದರ ಮ್ಯಾಗಜೀನು ಬಿರುಕು ಬಿಟ್ಟಿತೆಂಬ ದೂರುಗಳು ಪತ್ರಿಕೆಗಳಲ್ಲಿ ತುಂಬಿದವು. ಎಸ್.ಎಲ್.ಆರ್. ಸೈನ್ಯದಿಂದ ಹಿಂದೆ ಸರಿದು ಪೊಲೀಸರ ಪಾಲಾಯಿತು. ತ್ರೀನಾಟ್ ತ್ರೀಯಾದರೋ ಇನ್ನೂ ಹಟಮಾರಿ. 2008ರ ನವೆಂಬರಿನ ಆ ಕರಾಳ ರಾತ್ರಿ ಮುಂಬಯಿಯ ರೈಲ್ವೆ ನಿಲ್ದಾಣದಲ್ಲಿ ಸ್ವಯಂಚಾಲಿತ ರೈಫಲು ಹಿಡಿದ ಹಂತಕರನ್ನು ಎದುರಿಸಿದ ಪೊಲೀಸರ ಕೈಯಲ್ಲೂ ಅದೇ ಇತ್ತು. ಉತ್ತರ ಪ್ರದೇಶದ ಪೊಲೀಸರು ಅದಕ್ಕೆ ವಿದಾಯ ಹೇಳಿದ್ದು 2020ರ ಗಣರಾಜ್ಯೋತ್ಸವದಂದು.

2019ರಲ್ಲಿ ಹಳೆಯ ಪ್ರಶ್ನೆ ಮತ್ತೆ ಎದ್ದಾಗ ಸರ್ಕಾರ ಎರಡೂ ಉತ್ತರಗಳನ್ನು ಹೇಳಿತು. ಗಡಿಯಲ್ಲಿರುವವರಿಗೆ ತಡಮಾಡದೆ ಬೇಕೆಂದು ಅಮೆರಿಕದಿಂದ 72,400 ಸಿಗ್-716 ರೈಫಲುಗಳನ್ನು ಕೊಂಡಿತು. ಉಳಿದ ಸೈನ್ಯಕ್ಕಾಗಿ ರಷ್ಯದ ಎ.ಕೆ.-203 ರೈಫಲನ್ನು ಅಮೇಠಿಯ ಕೊರ್ವಾದಲ್ಲಿ ತಯಾರಿಸುವ ಯೋಜನೆ ಹಾಕಿತು; ಆರು ಲಕ್ಷಕ್ಕೂ ಹೆಚ್ಚು ರೈಫಲುಗಳ ಒಪ್ಪಂದಕ್ಕೆ 2021ರ ಡಿಸೆಂಬರಿನಲ್ಲಿ ಸಹಿ ಬಿತ್ತು. ಕೊಂಡ ಸಿಗ್ ರೈಫಲಿನ ತೋಟೆ ಯಾವುದು ಬಲ್ಲಿರಾ? ಅದೇ 7.62ರ ನ್ಯಾಟೊ ತೋಟೆ, ತಿಮ್ಮಯ್ಯನವರ ಕಾಲದಲ್ಲಿ ದೆಹಲಿಗೆ ಬೇಡವಾಗಿದ್ದುದು.

ಈ ಲೇಖನಕ್ಕಾಗಿ ಸುಬೇದಾರರ ಮನೆಗೆ ಹೋಗಿದ್ದಾಗ ಅವರು ಎಸ್.ಎಲ್.ಆರ್.ನ ಇನ್ನೊಂದು ಸಂಗತಿ ಹೇಳಿದರು. ಆ ರೈಫಲಿನ ಮರದ ಹಿಂಗುಂದದಲ್ಲಿ ಭುಜಕ್ಕೆ ತಾಗುವ ಕಡೆ ಒಂದು ಲೋಹದ ಫಲಕ, ಫಲಕದಲ್ಲೊಂದು ಪುಟ್ಟ ಬಾಗಿಲು. ಬಾಗಿಲು ತೆರೆದರೆ ಒಳಗೆ ಎಣ್ಣೆಯ ಶೀಸೆ, ನಳಿಗೆ ಒರೆಸುವ ದಾರ. ಬ್ರಿಟಿಷರ ಎಸ್.ಎಲ್.ಆರ್.ನಲ್ಲಿ ಈ ಬಾಗಿಲಿಲ್ಲ. ಅದು ತ್ರೀನಾಟ್ ತ್ರೀಯ ಫಲಕ. ಇಶಾಪುರದವರಿಗೆ ಅದನ್ನು ಮಾಡಿ ಮಾಡಿ ಕೈ ಪಳಗಿತ್ತು. ಹಾಗೆಯೇ ತಂದು ಹೊಸದಕ್ಕೆ ಜೋಡಿಸಿದ್ದರು.

“ಬಲಗೈಗೆ ಬೋಲ್ಟು ಸಿಗದೆ ಪೇಚಾಡಿದೆನಲ್ಲ ಸ್ವಾಮಿ,” ಎಂದರು ಸುಬೇದಾರರು ಕಾಫಿಯ ಲೋಟವನ್ನು ಕೆಳಗಿಡುತ್ತ. “ಆ ಸಂಜೆ ರೈಫಲು ಒರೆಸಲು ಕುಳಿತಾಗ ಹಿಂದೆ ಕೈಯಾಡಿಸಿದೆ. ಬಾಗಿಲು ಇದ್ದಲ್ಲೇ ಇತ್ತು.”